ನಾಯ್ರಾ ಹೋಗಿ ನಾಯಿರಾ

ಇವತ್ತು ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದೂ ಮುಕ್ಕಾಲರವರೆಗೆ ಕೌಂಟರ್ ಮುಂದೆ ನಿಂತಿದ್ದೆ. ಕಲಬುರಗಿಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಕರ್ಚೀಫು ಎರಡು ಸಲ ಹಿಂಡಿದ ಮೇಲೆ ತಮ್ಮನ ಮಗಳ ಜನನ ಪ್ರಮಾಣಪತ್ರ ಕೈಗೆ ಬಂತು. ಅದರಲ್ಲಿ ಕೂಸಿನ ಹೆಸರು 'ನಾಯಿರಾ' ಅಂತ ಇದೆ.

ಹೆಸರು ನಾಯ್ರಾ. ಒಂದೇ ಒಂದು ಗುಡಿಸು ಜಾಸ್ತಿ ಬಿದ್ದಿದೆ, ಅಷ್ಟಕ್ಕೇ ಕೂಸಿಗೆ ಬಾಲ ಬಂದುಬಿಟ್ಟಿದೆ.

"ಒಂದಕ್ಷರ ಅಲ್ಲೇನ್ರೀ, ಮನ್ಯಾಗ ನೀವು ಬರಾಬರಿ ಕರೀರಲಾ" ಅಂದರು ಕೌಂಟರಿನವರು. ತಿದ್ದಬೇಕಾದರೆ ಅರ್ಜಿ, ಅಫಿಡವಿಟ್, ತಂದೆ-ತಾಯಿಯ ಆಧಾರ್ ಜೆರಾಕ್ಸ್ ತಗೊಂಡು ನಾಳೆ ಬರಬೇಕಂತೆ. ತಪ್ಪು ಅವರದು, ಅಫಿಡವಿಟ್ ನಮ್ಮದು.

ಇದು ಸುಮ್ನೆ ಆದ ಕತೆಯಲ್ಲ. ಹನ್ನೊಂದು ತಿಂಗಳ ಹಿಂದೆ ಶುರುವಾದದ್ದು.

ನನ್ನ ಹೆಸರು ಶರಣಬಸಪ್ಪ. ಈ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಏ ಶರಣೂ" ಅಂತ ಒಮ್ಮೆ ಕೂಗಿ ನೋಡಿ. ಟೀ ಕುಡಿಯುವವನು ತಿರುಗುತ್ತಾನೆ, ಟೀ ಕೊಡುವವನೂ ತಿರುಗುತ್ತಾನೆ. ನಮ್ಮವ್ವ ಎರಡು ಹೆಣ್ಣಾದ ಮೇಲೆ ಶರಣಬಸವೇಶ್ವರರಿಗೆ ಹರಕೆ ಹೊತ್ತಿದ್ದಳು. ಗಂಡಾದರೆ ಜಾತ್ರೆಗೆ ಬಂದು ತೇರಿಗೆ ಉತ್ತತ್ತಿ ಎಸೆಯುತ್ತೇನೆ, ನಿನ್ನ ಹೆಸರೇ ಇಡುತ್ತೇನೆ ಅಂತ. ಅದೇ ವರ್ಷ ಇನ್ನೂ ಸಾವಿರ ಅವ್ವಂದಿರು ಅದೇ ಹರಕೆ ಹೊತ್ತಿದ್ದರು ಅನ್ನುವುದು ನನಗೆ ಒಂದನೇ ಕ್ಲಾಸಿನ ಹಾಜರಿಯಲ್ಲೇ ಗೊತ್ತಾಯಿತು. ನಮ್ಮ ಕಡೆ ಹೆಸರುಗಳೇ ಹಾಗೆ, ಅಲ್ವಾ? ಮೌನೇಶ ಅಂದರೆ ತಿಂಥಣಿ, ದತ್ತು ಅಂದರೆ ಗಾಣಗಾಪುರ, ಮೊಹರಂ ಅಲಾಯಿಗೆ ಬೇಡಿಕೊಂಡು ಹುಟ್ಟಿದವನು ಹುಸೇನಪ್ಪ. ಹೆಸರು ಕೇಳಿದರೆ ಸಾಕು, ಅವರವ್ವ ಯಾವ ಬಸ್ಸು ಹತ್ತಿ ಯಾವ ದೇವರಿಗೆ ಹೋಗಿದ್ದಳು ಅಂತ ಹೇಳಬಹುದು.

ತಮ್ಮ ಬಸವರಾಜ. ಅವನ ಕ್ಲಾಸಿನಲ್ಲಿ ಐದು ಜನ ಬಸವರಾಜರಿದ್ದರು. ದೊಡ್ಡ ಬಸ್ಯಾ, ಸಣ್ಣ ಬಸ್ಯಾ, ಚಷ್ಮಾ ಬಸ್ಯಾ, ಸೈಕಲ್ ಬಸ್ಯಾ, ಇವನು ಬರೇ ಬಸ್ಯಾ. ಒಮ್ಮೆ ಸೈಕಲ್ ಬಸ್ಯಾನ ಗಣಿತದ ಮಾರ್ಕ್ಸು ಇವನ ಹೆಸರಿಗೆ ಬಂದು ಅಪ್ಪನ ಕೈಲಿ ಬೆಲ್ಟಿನ ಏಟು ತಿಂದ. ನನ್ನ ಮಕ್ಕಳಿಗೆ ಜಿಲ್ಲೆಯಲ್ಲಿ ಯಾರಿಗೂ ಇರದ ಹೆಸರು ಇಡುತ್ತೇನೆ ಅಂತ ಅವತ್ತೇ ಶಪಥ ಮಾಡಿದ್ದ. ಈಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ. ಶಪಥ ಮರೆತಿಲ್ಲ.

ಮಗಳು ಹುಟ್ಟಿದಳು. ಪಂಚಾಂಗ ನೋಡುವ ಅಯ್ಯನವರು ಬೆರಳು ಎಣಿಸಿ, ಹಸ್ತ ನಕ್ಷತ್ರ, ಮೂರನೇ ಪಾದ, ಅಕ್ಷರ 'ಣ' ಅಂದರು. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಅಷ್ಟರಲ್ಲಿ ನಮ್ಮ ಪಾಲಿಗೆ ಬಂದದ್ದು ಣ. ಕನ್ನಡದಲ್ಲಿ ಣಕಾರದಿಂದ ಶುರುವಾಗುವ ಶಬ್ದ ಒಂದಾದರೂ ನೆನಪಾಗುತ್ತದೆಯಾ ನೋಡಿ. ತಮ್ಮ ಮುಖ ಸಣ್ಣದು ಮಾಡಿದ. "ಆರ್ದ್ರಾ ಮೂರನೇ ಪಾದ ಇತ್ತಂದ್ರ 'ಙ' ಬರ್ತಿತ್ತು ತಮ್ಮಾ, ಇದು ಪಾಡ ಅದ" ಅಂತ ಅಯ್ಯನವರೇ ಸಮಾಧಾನ ಹೇಳಿ, ಣ ಬದಲು ನ ಇಟ್ಟರೂ ನಡೆಯುತ್ತದೆ ಅಂದರು.

ಇಲ್ಲಿಂದ ನಮ್ಮಕ್ಕನ ಕತೆ. ಅಕ್ಕನಿಗೆ ಒಂದು ಚಟವಿದೆ. ಯಾವ ಹೆಸರು ಹೇಳಿದರೂ ಆ ಹೆಸರಿನ ಕೆಟ್ಟ ಮನುಷ್ಯರು ಒಬ್ಬರು ಅವಳಿಗೆ ಗೊತ್ತಿರುತ್ತಾರೆ. ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿದ್ದೆವು. ತಮ್ಮನ ಹೆಂಡತಿ "ನವ್ಯಾ" ಅಂತ ಹಾಕಿದಳು. ಅರ್ಧ ನಿಮಿಷದಲ್ಲಿ ಅಕ್ಕನ ವಾಯ್ಸ್ ಮೆಸೇಜು: "ಬ್ಯಾಡ ಬ್ಯಾಡ. ನಮ್ಮ ಓಣ್ಯಾಗ ಒಬ್ಬಾಕಿ ನವ್ಯಾ ಇದ್ಳು. ಅತ್ತಿ ಜೋಡಿ ಜಗಳಾಡಿ ತವರಮನಿಗಿ ಹೋಗ್ವಾಗ ಗ್ಯಾಸ್ ಸಿಲಿಂಡರ್ ತಗೊಂಡು ಹೋದ್ಳು. ತುಂಬಿದ್ದು." ನಂದಿನಿ? "ಹಾಲಿನ ಪಾಕೀಟೇನು?" ನಿಧಿ? "ಭವಿಷ್ಯ ನಿಧಿ ಅಂತಾರಲ್ಲೋ, ರಿಟೈರ್ ಆದ್ಮ್ಯಾಲ ಬರೋದು." ನಿಹಾರಿಕಾ ಅಂದಾಗ ಮಾತ್ರ ಎರಡು ದಿನ ಸುಮ್ಮನಿದ್ದಳು. ನಾವು ಗೆದ್ದೆವು ಅಂದುಕೊಂಡೆವು. ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಫೋನು: "ನೆನಪಾಯ್ತು ನೋಡು ತಮ್ಮಾ, ಚೀಟಿ ರೊಕ್ಕ ಎತ್ಕೊಂಡು ಓಡಿಹೋದವಳ ಮಗಳ ಹೆಸರದು!"

ಕೊನೆಗೆ ತಮ್ಮ ನಾಯ್ರಾ ಅಂತ ತಂದ. ಅಕ್ಕ ಕೇಳಿದ್ದು ಒಂದೇ ಮಾತು. "ಅದು ಪೆಟ್ರೋಲ್ ಬಂಕ್ ಅಲ್ಲೇನೋ?" ಅದು ನಯಾರಾ, ಇದು ನಾಯ್ರಾ ಅಂತ ತಮ್ಮ ಬಿಡಿಸಿ ಹೇಳಿದ. ಅಕ್ಕ ಹೂಂ ಅಂದಳು. ಆ ಹೂಂ ಕೇಳಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ತೊಟ್ಟಿಲ ದಿನ ಬಲೂನು ಕಟ್ಟಿ, 'ನಾಯ್ರಾ' ಅಂತ ಗುಲಾಬಿ ಬಣ್ಣದ ದೊಡ್ಡ ಬ್ಯಾನರ್ ಹಾಕಿದ್ದರು. ಗುಗ್ಗರಿ ಆಯಿತು, ತೊಟ್ಟಿಲ ಕೆಳಗಿಂದ ಮೇಲಿಂದ ಕೂಸನ್ನು ದಾಟಿಸಿ "ಗೋವಿಂದನ ತಗೋ, ಗೋಪಾಲನ ಕೊಡು" ಆಯಿತು. ಇನ್ನು ಸೋದರತ್ತೆ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಕರೆಯಬೇಕು, ಉಳಿದ ಹೆಂಗಸರು ಅವಳ ಬೆನ್ನು ಗುದ್ದಬೇಕು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ತೊಟ್ಟಿಲಿಗೆ ಬಗ್ಗಿದ್ದೇ ತಡ, ಶುರುವಾಯಿತು ನೋಡಿ. ಶಾಸ್ತ್ರಕ್ಕೆ ಮೆಲ್ಲಗೆ ತಟ್ಟುವುದು ವಾಡಿಕೆ. ಆದರೆ ನನ್ನ ಹೆಂಡತಿಗೆ ಹದಿಮೂರು ವರ್ಷದ ಲೆಕ್ಕ ಬಾಕಿ ಇತ್ತು. ಒಂದೊಂದು ಗುದ್ದಿಗೆ ಅಕ್ಕನ ಬೈತಲೆಬೊಟ್ಟು ಹಾರಿ ಹಾರಿ ಬೀಳುತ್ತಿತ್ತು. "ಸಾಕ್ರೇ ಯವ್ವಾ" ಅಂತ ಅಕ್ಕ ಒದರಿದರೂ ಈಕೆ, "ಅಕ್ಕಾ, ಕೂಸಿಗಿ ಕೇಳಿಸ್ಲಿಲ್ಲ, ಇನ್ನೊಮ್ಮಿ ಕರೀರಿ" ಅಂತ ಮತ್ತೆರಡು ಹಾಕಿದಳು. ವಿಡಿಯೋ ನನ್ನ ಹತ್ತಿರ ಇದೆ, ಮನೆಯಲ್ಲಿ ಶಾಂತಿ ಇರಲಿ ಅಂತ ಯಾರಿಗೂ ಕಳಿಸಿಲ್ಲ.

ಅಕ್ಕ ಬೆನ್ನು ಹಿಡಿದುಕೊಂಡು ಎದ್ದಳು. ಬ್ಯಾನರಿನ ಕೆಳಗೇ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಭಾಗ್ಯವಂತಿ ಅಂತ ಕರದೀನಿ."

ಆಮೇಲೆ ಆದ ಜಗಳ ಬಿಡಿ. ಆದರೆ ಕೂಸು ಹುಟ್ಟಿದ ಮೇಲೆ ಎಂಟು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಗ ಅಕ್ಕ ಯಾರಿಗೂ ಹೇಳದೆ ಬಸ್ಸು ಹತ್ತಿ ಭೀಮಾ ದಂಡೆಯ ಘತ್ತರಗಿಗೆ ಹೋಗಿ ಭಾಗ್ಯವಂತಿಗೆ ಬೇಡಿಕೊಂಡು ಬಂದಿದ್ದಳು. ಇದು ತಿಳಿದ ಮೇಲೆ ತಮ್ಮನಿಗೂ ಜೋರಾಗಿ ಬೈಯಲು ಬಾಯಿ ಬರಲಿಲ್ಲ. ಹಾಗಂತ ಬ್ಯಾನರಿಗೆ ಕೊಟ್ಟ ರೊಕ್ಕ ಬಿಡುವವನೂ ಅಲ್ಲ.

ಹೀಗಾಗಿ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಉಳಿಯಿತು. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು ನಿಜ, ಹೆಸರು ಮಾತ್ರ ಒಂದು ವರ್ಷದೊಳಗೆ ಸೇರಿಸಿದರೆ ಫೀಸಿಲ್ಲ. ಲೇಟ್ ಫೀಸ್ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಈ 15 ವರ್ಷ ಅಂತ ಬರೆದವರ ಮನೆಯಲ್ಲೂ ಇಂಥ ಅಕ್ಕ ಒಬ್ಬಳಿದ್ದಿರಬೇಕು. ವರ್ಷ ತುಂಬುತ್ತ ಬಂತು. ಕಡೆಗೆ ತಮ್ಮ ಫೋನ್ ಮಾಡಿ, "ಅಣ್ಣಾ, ನೀ ಊರಾಗೇ ಇದ್ದೀಯಲ್ಲ, ಅಕ್ಕಗ ಹೇಳ್ಲಾರದಂಗ ನಾಯ್ರಾ ಅಂತ ಬರಸ್ಕೊಂಡು ಬಾ" ಅಂದ. ಬರೆಸಿಕೊಂಡು ಬಂದೆ.

ಮನೆಗೆ ಬಂದು ಫ್ಯಾನ್ ಕೆಳಗೆ ಕೂತಾಗ ನಮ್ಮ ಸೋದರತ್ತೆ ನೀರು ತಂದುಕೊಟ್ಟಳು. ಅವಳ ಹೆಸರು ಸಾಕವ್ವ. ನಾಲ್ಕನೆಯ ಹೆಣ್ಣು, ಇನ್ನು ಹೆಣ್ಣು ಸಾಕು ಅಂತ ಇಟ್ಟ ಹೆಸರು. 2011ರಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕುಸಾ', ಅಂದರೆ ಬೇಡವಾದವಳು ಅಂತ ಹೆಸರಿದ್ದ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಸರ್ಕಾರದವರೇ ಕಾರ್ಯಕ್ರಮ ಮಾಡಿ ಹೊಸ ಹೆಸರು ಕೊಟ್ಟರು. ಆಗ ನಾನು ಆ ಸುದ್ದಿ ಅತ್ತೆಗೆ ಓದಿ ಹೇಳಿ, ನೀನೂ ಬದಲಿಸುತ್ತೀಯಾ ಅಂತ ಕೇಳಿದ್ದೆ. ಅತ್ತೆ ಜೋಳ ಹಸನು ಮಾಡುತ್ತ, "ಬ್ಯಾಡ ಬಿಡೋ, ಮತ್ತ ರೇಷನ್ ಕಾರ್ಡ್ ಬದಲ್ ಮಾಡಸ್ಬೇಕಾಗ್ತದ" ಅಂದಿದ್ದಳು. ಮೊರ ಒಂದು ಸಲ ಜೋರಾಗಿ ಕೇರಿ, ಹೊಟ್ಟು ಊದಿದಳು.

ಇವತ್ತು ಅತ್ತೆ ಕಾಗದ ಇಸಕೊಂಡು ಹೆಸರಿನ ಮೇಲೆ ಬೆರಳು ಆಡಿಸಿದಳು. ಅವಳಿಗೆ ಓದು ಬರುವುದಿಲ್ಲ. "ಏನಂತ ಬರದಾರ?" ನಾಯ್ರಾ ಅಂದೆ. "ಹಂಗಂದ್ರೇನು?" ನನಗೂ ಗೊತ್ತಿಲ್ಲ ಅಂದೆ. "ಇರ್ಲಿ ಬಿಡು, ಛಂದ ಅದ."

ಅಷ್ಟರಲ್ಲಿ ಅಕ್ಕನ ಫೋನು. ಸುದ್ದಿ ಯಾರು ಮುಟ್ಟಿಸಿದರೋ, ನನ್ನ ಹೆಂಡತಿಯಂತೂ ಅಲ್ಲ. ಅಕ್ಕ ಮೊದಲು ಐದು ನಿಮಿಷ ನಕ್ಕಳು. ಆಮೇಲೆ ಬಹಳ ಮೆತ್ತಗೆ, "ಏ ತಮ್ಮಾ, ಹೆಂಗೂ ನಾಳಿ ತಿದ್ದಸ್ಲಾಕ ಹೊಂಟೀಯಲ್ಲ" ಅಂತ ಶುರು ಮಾಡಿದಳು.