ಸತ್ಯಾಂಶ: ತಾಯಿಗೆ ಗಬ್ಬ ನಿಲ್ಲದಿದ್ದರೆ ಮಗಳಿಗೂ ನಿಲ್ಲಲ್ವಾ?

"ಗಬ್ಬ ನಿಲ್ಲದ ದೋಷ ರಕ್ತದಲ್ಲೇ ಬರುತ್ತೆ, ಹಸುವಿನ ಜೊತೆ ಅದರ ಕಡಸನ್ನೂ ಮಾರಿಬಿಡಿ." ತೀರ್ಥಹಳ್ಳಿ, ಹೊಸನಗರ ಕಡೆ ಫಾರ್ವರ್ಡ್ ಆಗುತ್ತಿರುವ ಈ ಮಾತನ್ನು ದಯವಿಟ್ಟು ನಂಬಬೇಡಿ. ಕಡಸು ಹುಟ್ಟಿದೆ ಎಂದರೆ ತಾಯಿಗೆ ಒಮ್ಮೆ ಗಬ್ಬ ನಿಂತಿತ್ತು, ಅಲ್ವಾ?

ಗಬ್ಬ ನಿಲ್ಲುವುದರಲ್ಲಿ ಹಸುವಿಗೂ ಹಸುವಿಗೂ ಇರುವ ವ್ಯತ್ಯಾಸದಲ್ಲಿ ವಂಶದ ಪಾಲು ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ. ಉಳಿದದ್ದು ಮೇವು, ಖನಿಜದ ಕೊರತೆ, ಗರ್ಭಕೋಶದ ಸೋಂಕು, ಬೆದೆ ಗಮನಿಸದಿರುವುದು. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿದ ಹಸುವಿನ ಬೆದೆ ಸುಲಭವಾಗಿ ತಪ್ಪಿಹೋಗುತ್ತದೆ.

ಹಾಗಂತ ವಂಶ ಲೆಕ್ಕಕ್ಕೇ ಇಲ್ಲ ಎಂದಲ್ಲ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮಾಂಸದ ತಳಿ ಸಾಕುವವರು ಹೋರಿಯ ವೃಷಣದ ಸುತ್ತಳತೆ ಅಳೆಯುತ್ತಾರೆ. ಅದು ಸುಮಾರು ಶೇ. 40ರಷ್ಟು ವಂಶದಿಂದ ಬರುವ ಗುಣ. ಸುತ್ತಳತೆ ಜಾಸ್ತಿ ಇರುವ ಹೋರಿಯ ಹೆಣ್ಣುಮಕ್ಕಳು ಬೇಗ ಬೆದೆಗೆ ಬರುವುದು ಕಂಡುಬಂದಿದೆ. ಹೋರಿಯ ಆಯ್ಕೆ ನಿಜಕ್ಕೂ ಮುಖ್ಯ.

ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಮಾತ್ರ ಹೆಚ್ಚಿನ ಸಲ ಬಂಜೆಯೇ. ಅದಕ್ಕೂ ಕಾರಣ ಹೊಟ್ಟೆಯೊಳಗೆ ಎರಡರ ರಕ್ತ ಬೆರೆಯುವುದು, ತಾಯಿಯ ವಂಶವಲ್ಲ.

ಮಾರುವ ಮೊದಲು ಪಶುವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ. ಸುಮಾರು 21 ದಿನಕ್ಕೊಮ್ಮೆ ಬರುವ ಬೆದೆಯನ್ನು ಬರೆದಿಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ.