ಗೆದ್ದರೆ ಡ್ರಿಪ್, ಸೋತರೆ ಕೀಮೋ

ಸೋಲನ್ನೇ ಅರಿಯದ ಔಷಧಿಯೊಂದು ಈ ಭೂಮಿಯ ಮೇಲಿದ್ದರೆ ಅದು ಕ್ಯಾನ್ಸರ್ ರೋಗಿಯ ತೋಳಿಗೆ ಹನಿಹನಿಯಾಗಿ ಇಳಿಯುವ ವಿಟಮಿನ್ ಸಿ. ಗೆಡ್ಡೆ ಕುಗ್ಗಿತೇ? ಡ್ರಿಪ್‌ನ ಮಹಿಮೆ. ಕುಗ್ಗಲಿಲ್ಲವೇ? ನೀವು ಬಂದದ್ದು ತಡವಾಯಿತು. ಬೇಗ ಬಂದರೂ ಕುಗ್ಗಲಿಲ್ಲವೇ? ಡೋಸ್ ಸಾಲಲಿಲ್ಲ. ಡೋಸ್ ಏರಿಸಿದರೂ ಫಲವಿಲ್ಲವೇ? ಆ ಹಾಳು ಕೀಮೋ ನಿಮ್ಮ ದೇಹವನ್ನೇ ಕೆಡಿಸಿಬಿಟ್ಟಿದೆ. ಕೀಮೋ ಜೊತೆಜೊತೆಗೇ ನಡೆಯುತ್ತಿದ್ದು ರೋಗಿ ಚೇತರಿಸಿಕೊಂಡರೆ ಮಾತ್ರ ಅದರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಕೊಡಲಿ ಹಿಡಿದವನು ಮರದ ಬುಡದಲ್ಲೇ ನಿಂತಿದ್ದರೂ ಕೊಂಬೆ ಮುರಿದ ಕೀರ್ತಿ ಮೇಲೆ ಕೂತ ಕಾಗೆಗೇ.

ಈ ಬಾಟಲಿಯ ವಂಶಾವಳಿ ಸಾಮಾನ್ಯವಾದುದಲ್ಲ. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರಲ್ಲಿ ಶಾಂತಿಗೆ ನೊಬೆಲ್ ಪಡೆದ ಲೈನಸ್ ಪೌಲಿಂಗ್ ಇದರ ಮೂಲಪುರುಷ. 1976ರಲ್ಲಿ ಅವರು ಮತ್ತು ಸ್ಕಾಟ್ಲೆಂಡಿನ ಶಸ್ತ್ರಚಿಕಿತ್ಸಕ ಯುವಾನ್ ಕ್ಯಾಮರಾನ್ ಸೇರಿ, ದಿನಕ್ಕೆ ಸುಮಾರು 10 ಗ್ರಾಂ ವಿಟಮಿನ್ ಸಿ ಪಡೆದ 100 ಕೊನೆಯ ಹಂತದ ರೋಗಿಗಳು ಉಳಿದವರಿಗಿಂತ ನಾಲ್ಕು ಪಟ್ಟು ಹೆಚ್ಚು ಕಾಲ ಬದುಕಿದರು ಎಂದು ಬರೆದರು. ಆ 'ಉಳಿದವರು' ಯಾರು? ಆಸ್ಪತ್ರೆಯ ಹಳೆಯ ಕಡತಗಳಿಂದ ಹೆಕ್ಕಿ ತೆಗೆದ 1,000 ಮಂದಿ. 'ಇನ್ನು ನಮ್ಮ ಕೈಯಲ್ಲಿಲ್ಲ' ಎಂದು ವೈದ್ಯರು ಯಾವ ದಿನ ಬರೆದರೋ ಅಂದಿನಿಂದ ಆಯುಷ್ಯದ ಎಣಿಕೆ. ಅದನ್ನು ಒಬ್ಬನಿಗೆ ಸ್ವಲ್ಪ ಮೊದಲೇ ಬರೆದುಬಿಟ್ಟರೆ ಔಷಧಿಯ ಹಂಗಿಲ್ಲದೆಯೇ ಅವನ ಆಯುಷ್ಯ ಹಿಗ್ಗುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್ ಇದನ್ನು ಸರಿಯಾಗಿ ಪರೀಕ್ಷಿಸಿತು. ಯಾರಿಗೆ ವಿಟಮಿನ್, ಯಾರಿಗೆ ಬರಿಯ ಹುಸಿಮಾತ್ರೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲದಂತೆ ಕೊಟ್ಟು ನೋಡಿ, 1979ರಲ್ಲಿ ಪ್ರಯೋಜನವಿಲ್ಲ ಎಂದಿತು. ಅವರಲ್ಲಿ ಬಹುತೇಕರು ಮೊದಲೇ ಕೀಮೋ ಪಡೆದವರು, ಅದರಿಂದಲೇ ವಿಟಮಿನ್ ಕೆಲಸ ಮಾಡಲಿಲ್ಲ ಎಂಬ ಆಕ್ಷೇಪ ಎದ್ದಿತು. ಸರಿ, ಕೀಮೋ ಮುಟ್ಟದವರ ಮೇಲೆ ಮತ್ತೊಂದು ಪರೀಕ್ಷೆ. 1985ರಲ್ಲಿ ಅದೇ ಉತ್ತರ. ಹೀಗೆ ಕೀಮೋ ಇದ್ದರೆ ಕೆಲಸ ಮಾಡದು ಎಂದು ಹೊರಟ ಔಷಧಿಯನ್ನು ಇಂದು ಕೀಮೋ ಜೊತೆ ಕೊಟ್ಟರೇ ಹೆಚ್ಚು ಫಲ ಎಂದು ಮಾರುತ್ತಾರೆ. ನಡುವೆ ಯಾರೂ ಕ್ಷಮೆ ಕೇಳಿದಂತಿಲ್ಲ.

ಆಮೇಲೆ ಬಂದ ಆಕ್ಷೇಪ, ಮೇಯೊದವರು ಕೊಟ್ಟದ್ದು ಮಾತ್ರೆ, ಡ್ರಿಪ್ ಅಲ್ಲ ಎಂಬುದು. ನ್ಯಾಯವಾಗಿ ನುಡಿಯಬೇಕೆಂದರೆ ಇದರಲ್ಲಿ ಹುರುಳಿದೆ. ಬಾಯಿಂದ ಎಷ್ಟೇ ನುಂಗಿದರೂ ಕರುಳು ಒಂದು ಮಿತಿಯಾಚೆಗೆ ಹೀರುವುದಿಲ್ಲ. ರಕ್ತನಾಳಕ್ಕೇ ಹರಿಸಿದರೆ ರಕ್ತದಲ್ಲಿ ಅದರ ಪ್ರಮಾಣ ಹತ್ತಾರು ಪಟ್ಟು ಏರುತ್ತದೆ. ಆ ಮಟ್ಟದಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಅಂದರೆ ಇಲ್ಲಿ ಅದು ಆಕ್ಸಿಡೀಕರಣ ಮಾಡಿಸುವ ಪದಾರ್ಥ. ಈ ಡ್ರಿಪ್ ಮಾರುವ ಕೇಂದ್ರದ ಪಕ್ಕದ ಕೋಣೆಯಲ್ಲಿ ಚರ್ಮದ ಹೊಳಪಿಗೆಂದು ಬಂದವರಿಗೂ ಇದೇ ವಿಟಮಿನ್. ಅಲ್ಲಿ ಅದರ ಹೆಸರು ಆ್ಯಂಟಿ ಆಕ್ಸಿಡೆಂಟ್, ಆಕ್ಸಿಡೀಕರಣವನ್ನು ತಡೆಯುವ ಮಹಾಮಾಯೆ. ಎರಡು ಕೋಣೆಗಳ ನಡುವಿನ ಗೋಡೆ ದಪ್ಪವಾಗಿರುವುದು ಒಳ್ಳೆಯದು. ಆರೋಗ್ಯವಂತ ಕೋಶಗಳನ್ನು ಪೋಷಿಸಿ ರೋಗದ ಕೋಶಗಳನ್ನು ಮಾತ್ರ ಕೊಲ್ಲಬೇಕೆಂದು ಬಾಟಲಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: 'ಇದು ನೈಸರ್ಗಿಕ.'

ಮಹಿಳೆಯೊಬ್ಬಳ ದೇಹಕ್ಕೆ ದಿನಕ್ಕೆ ಸುಮಾರು 75 ಮಿಲಿಗ್ರಾಂ ಸಾಕು. ಡ್ರಿಪ್‌ನಲ್ಲಿ ಒಂದೇ ಸಲಕ್ಕೆ 75 ಗ್ರಾಂ ಹೋಗುವುದುಂಟು. ಸಾವಿರ ದಿನದ ಪಡಿ ಒಂದೇ ಕೂರಿಕೆಯಲ್ಲಿ! ಅದರ ಬಹುಪಾಲನ್ನು ಮೂತ್ರಪಿಂಡಗಳು ಕೆಲವೇ ಗಂಟೆಗಳಲ್ಲಿ ಹೊರಗೆ ಕಳಿಸುತ್ತವೆ. ಮೂತ್ರಪಿಂಡ ಮೊದಲೇ ಸೊರಗಿದ್ದರೆ ಈ ವಿಟಮಿನ್‌ನಿಂದ ಹುಟ್ಟುವ ಆಕ್ಸಲೇಟ್ ಎಂಬ ಲವಣ ಹರಳುಗಟ್ಟಿ ಅದನ್ನೇ ಕೆಡಿಸಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳೇ ಒಡೆಯಬಹುದು. ಬೆರಳು ಚುಚ್ಚಿ ಸಕ್ಕರೆ ಅಳೆಯುವ ಕೆಲವು ಯಂತ್ರಗಳು ಈ ವಿಟಮಿನ್ನನ್ನೇ ಗ್ಲೂಕೋಸ್ ಎಂದು ಓದುತ್ತವೆ. ಆ ಅಂಕಿಯನ್ನು ನಂಬಿ ಇನ್ಸುಲಿನ್ ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಯಂತ್ರಕ್ಕೂ ಮಂಕುಬೂದಿ ಎರಚುವ ಔಷಧಿ ಇದು!

ನಿಜವಾದ ಸಂಶೋಧಕರು ಮಾತ್ರ ಇನ್ನೂ ಮೆಲ್ಲಗೆ ಮಾತನಾಡುತ್ತಿದ್ದಾರೆ. ಚೀನಾದಲ್ಲಿ 442 ಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೀಮೋ ಜೊತೆ ಈ ಡ್ರಿಪ್ ಸೇರಿಸಿದ್ದರಿಂದ ಒಟ್ಟಾರೆ ರೋಗ ಉಲ್ಬಣಿಸುವುದು ಮುಂದೆ ಹೋಗಲಿಲ್ಲ. 2024ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಕೀಮೋ ಜೊತೆ ಡ್ರಿಪ್ ಪಡೆದವರ ಮಧ್ಯಾಂಕ ಆಯುಷ್ಯ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) ಸುಮಾರು 8 ತಿಂಗಳಿಂದ 16ಕ್ಕೆ ಏರಿತು ಎಂದು ವರದಿ ಮಾಡಿದರು. ಗಮನಿಸಬೇಕಾದ ಸುದ್ದಿಯೇ. ಆದರೆ ಎರಡೂ ಗುಂಪು ಸೇರಿ ಅಲ್ಲಿದ್ದವರು 34 ಮಂದಿ. ಜಾಹೀರಾತಿನ ಲೇಖಕ ಇದರಿಂದ 'ದುಪ್ಪಟ್ಟು' ಎಂಬುದೊಂದನ್ನೇ ಕತ್ತರಿಸಿಕೊಳ್ಳುತ್ತಾನೆ. 34, ಮೇದೋಜ್ಜೀರಕ, ಕೀಮೋ ಎಲ್ಲವೂ ಅವನ ಕಸದ ಬುಟ್ಟಿಗೆ. ಚೀನಾದ 442 ಮಂದಿಯಂತೂ ಅವನ ಮೇಜಿನವರೆಗೂ ಬರುವುದಿಲ್ಲ.

ಕಷ್ಟದಲ್ಲಿರುವವರು ಹುಲ್ಲುಕಡ್ಡಿ ಹಿಡಿದರೆ ನಗುವಂಥದ್ದೇನೂ ಇಲ್ಲ. ಹುಲ್ಲುಕಡ್ಡಿಯನ್ನು ಹತ್ತರ ಪ್ಯಾಕೇಜು ಮಾಡಿ, ಮುಂಗಡ ಪಡೆದು, ಹಣ ವಾಪಸಿಲ್ಲ ಎನ್ನುವವರ ವಿಷಯ ಬೇರೆ. ಅವರ ಗೋಡೆಯ ಮೇಲೆ 'ಕ್ಯಾನ್ಸರ್ ಗೆಲ್ಲಿ' ಎಂದು ಆಳೆತ್ತರದ ಅಕ್ಷರ. ಸಹಿ ಹಾಕಬೇಕಾದ ಕಾಗದದಲ್ಲಿ 'ಇದು ಯಾವ ರೋಗವನ್ನೂ ಗುಣಪಡಿಸುತ್ತದೆಂದು ನಾವು ಹೇಳುವುದಿಲ್ಲ' ಎಂದು ಇರುವೆಯ ಗಾತ್ರದ ಅಕ್ಷರ. ಕನ್ನಡಕ ಏರಿಸಿ ಅದನ್ನು ಓದಲು ಹೊರಟರೆ ಮೃದುವಾದ ದನಿಯೊಂದು ತಡೆಯುತ್ತದೆ: ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಒತ್ತಡದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ.