ಎಳೆದರೆ ಬರುತ್ತೆ ಬಿಡಿ

15 ಸೆಂಟಿಮೀಟರ್ ಅಂದರೆ ಎಷ್ಟು ಅಂತ ನನಗೆ ಮೊದಲು ಗೊತ್ತಿತ್ತು. ಈಗ ಅನುಮಾನ. ಕತ್ತಂತೂ ಇವತ್ತಿಗೂ ಎಡಕ್ಕೇ ವಾಲಿಕೊಂಡಿದೆ.

ನಮ್ಮ ಹೆಣಿಗೆ ಗುಂಪಿನ ನಲವತ್ತು ಜನ 15 ಸೆಂಟಿಮೀಟರ್ ಅಳತೆಯ ಚೌಕಗಳನ್ನು ತಲಾ ಹತ್ತರಂತೆ ಹೆಣೆಯುವುದು, ಎಲ್ಲ ಜೋಡಿಸಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಹೊದಿಕೆಯನ್ನು ಹೊರಗಿನ ಗೋಡೆಗೆ ಇಳಿಬಿಡುವುದು ಅಂತ ತೀರ್ಮಾನವಾಗಿತ್ತು. ಜೋಡಿಸುವ ಕೆಲಸ ನನಗೆ. "ನಿಮ್ಮ ಕೈಕೆಲಸ ಅಚ್ಚುಕಟ್ಟು" ಅಂದರು, ಉಬ್ಬಿಹೋದೆ.

ಚೌಕಗಳು ಬಂದವು. ಒಂದು 13 ಸೆಂಟಿಮೀಟರ್, ಇನ್ನೊಂದು 18. ಒಂದಕ್ಕೆ ಮೂರೇ ಮೂಲೆ. ನಾಲ್ಕನೆಯದು ಹೆಣೆದವರ ಮನೆಯಲ್ಲೇ ಉಳಿದಿರಬೇಕು. ಎಲ್ಲರಿಗೂ ಅದೇ ಉಲ್ಲನ್, ಅದೇ 4 ಮಿಲಿಮೀಟರ್ ಕಡ್ಡಿ, ಅದೇ 33 ಕುಣಿಕೆ. ಆದರೆ ಧಾರಾವಾಹಿ ನೋಡುತ್ತಾ ಹೆಣೆದರೆ ಕೈ ಸಡಿಲ, ಮಗನಿಗೆ ಲೆಕ್ಕ ಹೇಳಿಕೊಡುತ್ತಾ ಹೆಣೆದರೆ ಕಲ್ಲಿನಷ್ಟು ಬಿಗಿ.

ದೂರು ಹೇಳೋಣವೆಂದರೆ ಇರುವವರು ನಮ್ಮ ಸಂಚಾಲಕಿ, ಎಲ್ಲರ ಬಾಯಲ್ಲಿ 'ಅಕ್ಕ'. ಅಕ್ಕ ಅಳತೆಪಟ್ಟಿ ಮುಟ್ಟುವುದಿಲ್ಲ. ಚೌಕದ ಒಂದು ಅಂಚನ್ನು ಗದ್ದಕ್ಕೆ ಒತ್ತಿ ಹಿಡಿದು, ಇನ್ನೊಂದನ್ನು ಎರಡೂ ಕೈಯಿಂದ ಜಗ್ಗಿ, ಒಂದು ಕಣ್ಣು ಮುಚ್ಚಿ, "ಎಳೆದರೆ ಬರುತ್ತೆ ಬಿಡಿ" ಅನ್ನುತ್ತಾರೆ. ಅವರು ಹಿಡಿದಷ್ಟು ಹೊತ್ತು ಅದು ನಿಜಕ್ಕೂ 15. ಕೈಬಿಟ್ಟ ತಕ್ಷಣ ಮತ್ತೆ 13.

"ಅಕ್ಕ, ಬಿಟ್ಟಮೇಲೆ?"

"ಬಿಡೋದ್ಯಾಕೆ? ಹೊಲಿದುಬಿಡಿ."

18ರದ್ದನ್ನು ತೋರಿಸಿದೆ. ಒಂದು ಕ್ಷಣ ಯೋಚಿಸಿದರು. "ಪಕ್ಕದ್ದನ್ನ ಎಳೀರಿ, ಇದು ಸುಮ್ಮನಾಗುತ್ತೆ."

ಸಿಟ್ಟಿಗೆ ರಾತ್ರಿ ಬೇರೆಯವರ ಸಾಹಸಗಳನ್ನು ನೋಡುತ್ತಾ ಕೂತೆ. 2006ರಲ್ಲಿ ಕೋಪನ್‌ಹೇಗನ್‌ನಲ್ಲಿ ಯುದ್ಧ ಬೇಡವೆಂದು ಒಂದು ಟ್ಯಾಂಕಿಗೆ 4000ಕ್ಕೂ ಹೆಚ್ಚು ಗುಲಾಬಿ ಚೌಕಗಳ ಹೊದಿಕೆ ಹೊದಿಸಿದ್ದರು. ಒಂದೊಂದೂ 15 ಸೆಂಟಿಮೀಟರ್ ಅಂತೆ! 2013ರಲ್ಲಿ ಪಿಟ್ಸ್‌ಬರ್ಗ್‌ನವರು ಇಡೀ ಆಂಡಿ ವಾರ್ಹೋಲ್ ಸೇತುವೆಗೇ ಉಲ್ಲನ್ ಸುತ್ತಿದ್ದರು. ಫೋಟೋದಲ್ಲಿ ಟ್ಯಾಂಕಿದೆ, ಸೇತುವೆಯಿದೆ. ಹೊಲಿದವರ ಕತ್ತು ಎತ್ತ ವಾಲಿತ್ತೋ, ಅದರ ಫೋಟೋ ಯಾರೂ ತೆಗೆದಿಲ್ಲ.

ಜೋಡಿಸುವಾಗ ಒಂದು ಬೂದು ಚೌಕ ಸಿಕ್ಕಿತು. ನಡುವೆ ಎರಡು ಕುಣಿಕೆ ಜಾರಿ ತೂತಾಗಿತ್ತು. ಬಿಚ್ಚಿ ಮತ್ತೆ ಹೆಣೆಯೋಣವೆಂದು ಎಳೆ ಹಿಡಿದೆ. ಉಲ್ಲನ್ ಜೊತೆಗೇ ಒಂದು ಉದ್ದನೆಯ ಬಿಳಿ ಕೂದಲು ಸಾಲಿನಿಂದ ಸಾಲಿಗೆ ಹೆಣೆದುಕೊಂಡು ಬಂದಿತ್ತು. ಗುಂಪಿನ ಎಲ್ಲರಿಗಿಂತ ಹಿರಿಯರದು. ಈಗೀಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ ಅಂದಿದ್ದರು. ಕೂದಲು ಎಷ್ಟು ಸಂಜೆ ಅವರ ಮಡಿಲಲ್ಲಿ ಬಿದ್ದಿತ್ತೋ. ಬಿಚ್ಚಲಿಲ್ಲ. ತೂತಿಗೆ ಒಂದೆಳೆ ಹಾಕಿ ಮುಚ್ಚಿದೆ. ಆ ಚೌಕ ಮಾತ್ರ ಎಳೆಯದೆಯೇ 15 ಇತ್ತು.

ಅಂತೂ ಮೊನ್ನೆ ಹೊದಿಕೆ ಗೋಡೆ ಏರಿತು. ಅಡಿ ಅಂಚು ನೆಲದಿಂದ ಒಂದು ಅಡಿ ಮೇಲೆ, ಅದೂ ಸೊಟ್ಟಗೆ. ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಉಲ್ಲನ್ ನೀರು ಕುಡಿದು, ತನ್ನ ಭಾರಕ್ಕೆ ತಾನೇ ಜಗ್ಗಿ, ಸೀರೆಯ ಸೆರಗಿನಂತೆ ಕೆಸರು ಗುಡಿಸುತ್ತಿದೆ.

ಅಕ್ಕ ಆಗಲೇ ಬಂದು ನಿಂತಿದ್ದರು, ಒಂದು ಕಣ್ಣು ಮುಚ್ಚಿಕೊಂಡು.

"ನಾನು ಹೇಳಿರಲಿಲ್ವಾ?"